ಕಿಟಕಿಯಾಚೆಯ ಕಲ್ಲು

ಮಂಗಳವಾರ ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಗಿರಿರಾಜ್ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಬೆಳಗಿನ ಸರದಿಯ ಕೊನೆಯ ಸ್ಲೈಡನ್ನು ನೋಡುತ್ತಿದ್ದ. ಅದೊಂದು ಮುಗಿದರೆ ಕೈ ತೊಳೆದು ಊಟಕ್ಕೆ ಹೊರಡುವುದು. ಮಂಗಳವಾರವೆಂದರೆ ಖಾನಾವಳಿಯಲ್ಲಿ ಎಣ್ಣೆಗಾಯಿ. ತಡವಾದರೆ ಬದನೆಕಾಯಿ ಖಾಲಿಯಾಗಿ ಬರೀ ಮಸಾಲೆ ಉಳಿದಿರುತ್ತದೆ. ಆದರೂ ಅವನು ಅವಸರ ಮಾಡುವವನಲ್ಲ. ಕಫದ ಸ್ಲೈಡನ್ನು ನೂರು ಕಡೆ ಸರಿಸಿ ನೋಡದೆ ‘ಇಲ್ಲ’ ಎಂದು ಬರೆಯಬಾರದು ಎಂಬ ಪಾಠವನ್ನು ಅವನು ಒಂದು ದಿನವೂ ಮೀರಿರಲಿಲ್ಲ. ಈ ಸ್ಲೈಡಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಐದಾರು ಕಡೆ ಸರಿಸುವಷ್ಟರಲ್ಲಿ ನೀಲಿಯ ನಡುವೆ ಕೆಂಪು ಕಡ್ಡಿಗಳು ಕಂಡವು. ಆಮ್ಲದಲ್ಲಿ ತೊಳೆದರೂ ಬಣ್ಣ ಬಿಡದ, ತೆಳ್ಳಗೆ ಬಾಗಿದ ಕಡ್ಡಿಗಳು. ಸ್ಲೈಡಿನ ನಂಬರನ್ನು ಚೀಟಿಯ ನಂಬರಿಗೆ ಹೋಲಿಸಿ ಹೆಸರು ಓದಿದ. ಶಿವಗಂಗಮ್ಮ, ಅರವತ್ತೊಂದು ವರ್ಷ.

ಇನ್ನು ಇಪ್ಪತ್ತು ನಿಮಿಷಕ್ಕೆ ಅವನ ತಟ್ಟೆಗೆ ರೊಟ್ಟಿ ಹಾಕಬೇಕಾಗಿದ್ದವರು ಅದೇ ಶಿವಗಂಗಮ್ಮ.

ಗಿರಿರಾಜ್ ರಾಣೆಬೆನ್ನೂರಿನ ಕಡೆಯವನು. ಬಿ.ಎಸ್ಸಿ. ಮುಗಿಸಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿಕೊಂಡು ಬೆಂಗಳೂರಿಗೆ ಬಂದು, ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಹಿಂದಿನ ರಸ್ತೆಯ ಒಂದು ಸಣ್ಣ ಲ್ಯಾಬಿನಲ್ಲಿ ಸೇರಿದವನು ಹದಿನೆಂಟು ವರ್ಷದಿಂದ ಅಲ್ಲೇ ಇದ್ದ. ಹೆಂಡತಿ ಜಲಜಾ ಕೆಂಗೇರಿಯ ಶಾಲೆಯೊಂದರಲ್ಲಿ ಟೀಚರು. ಏಳು ಗಂಟೆಗೇ ಮನೆ ಬಿಡುತ್ತಾಳೆ. ಹಾಗಾಗಿ ಅವನ ಮಧ್ಯಾಹ್ನದ ಊಟ ವಿಜಯನಗರದ ಶಿವಗಂಗಮ್ಮನವರ ಖಾನಾವಳಿಯಲ್ಲಿ. ಖಾನಾವಳಿಯೆಂದರೆ ಅವರ ಮನೆಯ ಮುಂದಿನ ಹಾಲ್, ಅದರಲ್ಲಿ ಆರು ಮೇಜು. ಗದಗಿನ ಕಡೆಯಿಂದ ಬಂದ ಶಿವಗಂಗಮ್ಮ ಗಂಡ ತೀರಿಹೋದ ಮೇಲೆ ಇದನ್ನು ಶುರು ಮಾಡಿ ಮಗಳು ಚೈತ್ರಳನ್ನು ಓದಿಸಿದ್ದರು. ಅಡುಗೆಗೆ ಇನ್ನಿಬ್ಬರು ಹೆಂಗಸರಿದ್ದರೂ ರೊಟ್ಟಿ ಬಡಿಯುವುದು ಮಾತ್ರ ಅವರೇ. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಬಂದು ತಟ್ಟೆಗೆ ಹಾಕುವರು. ಬೇಡ ಎಂದು ಅಂಗೈ ಅಡ್ಡ ಇಟ್ಟರೆ ಅಂಗೈ ಮೇಲೇ ಹಾಕುವರು. “ಸುಡ್ತೈತಿ ಅಂದ್ರ ಕೈ ತಗೀ ತಮ್ಮಾ, ತಿನ್ನಾಕ ನಾಚಿಕಿ ಏನು?” ಎಂದು ನಗುವರು. ಆ ನಗು ಈಚೆಗೆ ಕೆಮ್ಮಿನಲ್ಲಿ ಮುಗಿಯುತ್ತಿತ್ತು. ಎರಡು ವರ್ಷದಿಂದ ಇದ್ದ ಕೆಮ್ಮು. ಆಳು ಮೊದಲೇ ಸಣ್ಣ, ಈಗ ಸೆರಗಿನೊಳಗೆ ಮೂಳೆ ಎದ್ದು ಕಾಣುತ್ತಿತ್ತು. “ಶ್ವಾಸಕೋಶದ ಡಾಕ್ಟರಿಗೆ ತೋರಿಸ್ರಿ ಅಕ್ಕಾರ” ಎಂದು ಒತ್ತಾಯಿಸಿ ಕಳಿಸಿದವನೂ ಗಿರಿರಾಜನೇ.

ಅವನು ಅಂದು ಊಟಕ್ಕೆ ಹೋಗಲಿಲ್ಲ. ಬಿಸ್ಕತ್ತು ತಿಂದ. ತಿನ್ನುವ ಮೊದಲು ಎರಡು ಸಲ ಸೋಪು ಹಾಕಿ ಕೈ ತೊಳೆದ. ಆಮೇಲೆ ವರದಿ ಬರೆದ: ಬಣ್ಣ ಬಿಡದ ಕಡ್ಡಿಗಳು ಕಂಡಿವೆ, ಪ್ರಮಾಣ ಎರಡು ಪ್ಲಸ್. ಅದರಲ್ಲಿ ಕ್ಷಯ ಎಂಬ ಮಾತೇ ಇರಲಿಲ್ಲ. ಅವನ ಯಾವ ವರದಿಯಲ್ಲೂ ಇರುತ್ತಿರಲಿಲ್ಲ. ಸ್ಲೈಡ್ ಹೇಳುವುದು ಕಡ್ಡಿ ಇದೆಯೋ ಇಲ್ಲವೋ ಎಂದಷ್ಟೇ. ಆ ಕಡ್ಡಿ ಯಾವ ಜಾತಿಯದು ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಇದು ಅವನಿಗೆ ಗೊತ್ತಿಲ್ಲದ್ದಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾದ ವಿಷಯ. ಆದರೆ ಓದಿ ಪಾಸಾದದ್ದು ಒಂದು ಕಡೆ, ದಿನಾ ಕಂಡದ್ದು ಇನ್ನೊಂದು ಕಡೆ. ಕೆಂಪು ಕಡ್ಡಿ ಕಂಡರೆ ಟಿಬಿ ಎಂದೇ ಅವನ ಕಣ್ಣು ಓದುತ್ತಿತ್ತು.

ಪಾಸಿಟಿವ್ ಬಂದ ವರದಿ ಕೊಡುವುದಕ್ಕೆ ಅವನಿಗೊಂದು ರೀತಿ ಇತ್ತು. ಲ್ಯಾಬಿನ ಕಿಟಕಿ ಹೊರಗಿನ ಜಗಲಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಕಾಯುವವರಿಗೆ ಎರಡು ಬೆಂಚು. ಸಕ್ಕರೆ, ಥೈರಾಯ್ಡ್, ಮೂತ್ರ, ಯಾವುದೇ ವರದಿಯಾದರೂ ಹೆಸರು ಕೂಗಿ ಕಿಟಕಿಯಿಂದ ಕೈಗೆ ಕೊಡುತ್ತಿದ್ದ. ಕಫದ್ದು ಪಾಸಿಟಿವ್ ಆದರೆ ಮಾತ್ರ ಕಂದು ಕವರಿಗೆ ಹಾಕಿ, ಪಿನ್ ಹೊಡೆದು, ಕಿಟಕಿಯ ಹೊರಗೆ ಚಾಚಿಕೊಂಡಿದ್ದ ಕಪ್ಪು ಕಲ್ಲಿನ ಮೇಲೆ ಇಟ್ಟು ಗಾಜು ಎಳೆದುಬಿಡುತ್ತಿದ್ದ. ಸೇರಿದ ಹೊಸತರಲ್ಲಿ ಮೇಲಿನವರೊಬ್ಬರು ಹಾಗೆ ಮಾಡುವುದನ್ನು ನೋಡಿ ಕಲಿತದ್ದು. ಆಗ ಮನೆಯಲ್ಲಿ ಎಳೆಗೂಸಿತ್ತು, ಸರಿ ಅನ್ನಿಸಿತ್ತು. ಮಗು ಬೆಳೆದು ಪಿಯುಸಿಗೆ ಬಂದರೂ ರೀತಿ ಉಳಿದಿತ್ತು. ಬಾಯಿಬಿಟ್ಟು ಏನೂ ಹೇಳುವುದಿಲ್ಲವಾದ್ದರಿಂದ ರೋಗಿಯ ಗುಟ್ಟೂ ಉಳಿಯುತ್ತದೆ ಎಂದು ಅವನು ನಂಬಿದ್ದ. ಯಾರ ವರದಿಯನ್ನೂ ಯಾರ ಮುಂದೆಯೂ ಆಡಿದವನಲ್ಲ. ಜಲಜಾ ಕೇಳಿದರೂ ಹೇಳುತ್ತಿರಲಿಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ನಾಲ್ಕು ಗಂಟೆಗೆ, ಖಾನಾವಳಿ ತೊಳೆದು ಮುಗಿಸಿ ಶಿವಗಂಗಮ್ಮ ಬಂದರು. ಬೆಂಚಿನ ಮೇಲೆ ಪಂಪ್ ಅಂಗಡಿಯ ಭೈರೇಶ್ ತಂದೆಯ ಸಕ್ಕರೆ ವರದಿಗಾಗಿ ಕೂತಿದ್ದ. ಅವನೂ ಅದೇ ಖಾನಾವಳಿಯ ಗಿರಾಕಿ.

“ಏನಮ್ಮ, ಅಂಗ್ಡಿ ಬಿಟ್ಟು ಇಲ್ಲಿ?” ಎಂದ ಭೈರೇಶ್.

“ಕೆಮ್ಮಪಾ. ನಿಮ್ಮೆಲ್ಲಾರಿಗೂ ಒದರಿ ಒದರಿ ಬಡಿಸಿ ಬಂದದ್ದು” ಎಂದು ನಕ್ಕು ಅವರು ಕಿಟಕಿಗೆ ಬಂದರು. “ಯಾಕ ತಮ್ಮಾ, ಇವತ್ತ ಊಟಕ್ಕ ಬರ್ಲಿಲ್ಲ? ನಿಂದೊಂದು ಬದ್ನಿಕಾಯಿ ತಗದ್ ಇಟ್ಟಿದ್ದೆ.”

“ಕೆಲಸ ಇತ್ರೀ ಅಕ್ಕಾರ.”

ಅವರು ಕೈ ಚಾಚಿದರು. ಹಿಟ್ಟು ಒಣಗಿ ಉಗುರಿನ ಸಂದಿಯಲ್ಲಿ ಬೆಳ್ಳಗಿದ್ದ ಕೈ. ಗಿರಿರಾಜ್ ಕವರನ್ನು ಆ ಕೈಯ ಪಕ್ಕದಿಂದ ಸಾಗಿಸಿ ಕಲ್ಲಿನ ಮೇಲೆ ಇಟ್ಟ. ಬೇಕೆಂದು ಮಾಡಲಿಲ್ಲ. ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಗಾಜು ಎಳೆಯುವಾಗ ಮಾತ್ರ ತಾನೇನು ಮಾಡುತ್ತಿದ್ದೇನೆಂದು ಗೊತ್ತಾಗಿ ಅರ್ಧಕ್ಕೆ ನಿಂತ. ಶಿವಗಂಗಮ್ಮನ ಕೈ ಇನ್ನೂ ಹಾಗೇ ಇತ್ತು. ಅವರು ಅವನ ಮುಖ ನೋಡಿದರು, ಕಲ್ಲು ನೋಡಿದರು, ಕವರು ಎತ್ತಿಕೊಂಡು ಸೆರಗಿನೊಳಗೆ ಇಟ್ಟುಕೊಂಡರು. ಅವರು ತಿರುಗುವ ಹೊತ್ತಿಗೆ ಭೈರೇಶ್ ಎದ್ದು ಇನ್ನೊಂದು ಬೆಂಚಿಗೆ ಹೋಗಿ ಕೂತಿದ್ದ.

ಮರುದಿನ ಅವನು ಊಟಕ್ಕೆ ಮೆಟ್ರೊ ಕಂಬದ ಎದುರಿನ ದರ್ಶಿನಿಗೆ ಹೋದ. ಇಡ್ಲಿಯ ತಟ್ಟೆ ಹಿಡಿದು ನಿಂತಿದ್ದಾಗ ಪಕ್ಕಕ್ಕೆ ಭೈರೇಶ್ ಬಂದ.

“ಏನ್ ಸಾರ್, ನೀವೂ ಇಲ್ಲಿಗೇ ಶಿಫ್ಟಾ?”

“ಇವತ್ತು ಹೊತ್ತಾಯ್ತು, ಅದಕ್ಕೆ.”

“ಬಿಡಿ ಸಾರ್, ನನ್ ಹತ್ರ ಏನ್ ಮುಚ್ಚಿಡ್ತೀರ. ಅಯ್ಯೋ ಪಾಪ, ಒಳ್ಳೇ ಹೆಂಗ್ಸು. ಆದ್ರೆ ಟಿಬಿ ಇಟ್ಕೊಂಡು ರೊಟ್ಟಿ ತಟ್ಟೋದು ತಪ್ಪಲ್ವಾ? ನಮ್ಮನೇಲೂ ಮಕ್ಳಿದಾವೆ.”

ಗಿರಿರಾಜನ ಕೈಯಲ್ಲಿದ್ದ ಚಮಚ ನಿಂತಿತು. “ಟಿಬಿ ಅಂತ ಯಾರು ಹೇಳಿದ್ದು? ನಾನು ಹೇಳಿದ್ನಾ?”

“ನೀವ್ಯಾಕ್ ಹೇಳ್ತೀರ ಸಾರ್! ನಿಮ್ ಬಾಯಿಂದ ಒಂದ್ ಮಾತ್ ಬರಲ್ಲ, ಅದ್ ಇಡೀ ಅತ್ತಿಗುಪ್ಪೆಗೇ ಗೊತ್ತು. ಕಲ್ಲಿನ ಮೇಲೆ ಇಟ್ರಲ್ಲ, ಅಷ್ಟ್ ಸಾಕು.” ಭೈರೇಶ್ ಚಟ್ನಿ ಹಾಕಿಸಿಕೊಂಡು ಬಂದು ಮುಂದುವರಿಸಿದ. “ನಿಮ್ ಲ್ಯಾಬಲ್ಲಿ ಕೈಗ್ ಕೊಟ್ರೆ ಬಚಾವ್, ಕಲ್ಲಿಗ್ ಬಂದ್ರೆ ಟಿಬಿ. ಹತ್ ವರ್ಷದಿಂದ ನೋಡ್ತಾ ಇದೀವಿ. ನಮ್ ಚಿಕ್ಕಪ್ಪನ ಮಗಳಿಗೆ ಒಂದ್ ಗಂಡು ನೋಡಿದ್ರು ಸಾರ್, ಅವ್ನದ್ದು ಕಲ್ಲಿಗ್ ಬಂತು ಅಂತ ಗೊತ್ತಾಗಿ ಅಲ್ಲಿಗೇ ನಿಲ್ಸಿದ್ರು. ಒಂಥರಾ ಉಪಕಾರಾನೇ ಮಾಡ್ತಾ ಇದೀರ ಬಿಡಿ.”

ಗಿರಿರಾಜ್ ಇಡ್ಲಿಯನ್ನು ಅಲ್ಲೇ ಬಿಟ್ಟು ಬಂದ. ಲ್ಯಾಬಿಗೆ ಬಂದು ಜಗಲಿಯ ಬೆಂಚಿನ ಮೇಲೆ, ರೋಗಿಗಳು ಕೂರುವ ಕಡೆ, ಕೂತು ನೋಡಿದ. ಎರಡೂ ಬೆಂಚಿನಿಂದ ಆ ಕಲ್ಲು ಚೆನ್ನಾಗಿ ಕಾಣುತ್ತಿತ್ತು. ಹದಿನೆಂಟು ವರ್ಷದಲ್ಲಿ ಅವನು ಒಮ್ಮೆಯೂ ಆ ಬೆಂಚಿನ ಮೇಲೆ ಕೂತಿರಲಿಲ್ಲ.

ಆ ವಾರವೇ ಅವನು, ಯಾರಿಗೂ ಹೇಳದೆ, ರಾಜಾಜಿನಗರದವರೆಗೆ ಹೋಗಿ ತನ್ನದೊಂದು ಎದೆಯ ಎಕ್ಸರೇ ತೆಗೆಸಿಕೊಂಡ. ಇಲ್ಲಿ ಪರಿಚಯದವರಿದ್ದಾರೆ ಎಂಬ ಕಾರಣಕ್ಕೇ ಅಷ್ಟು ದೂರ ಹೋದದ್ದು. ಕೌಂಟರಿನ ಹುಡುಗಿ ಹೆಸರು ಕೂಗಿ, “ತಗೊಳ್ಳಿ ಅಂಕಲ್” ಎಂದು ಕವರನ್ನು ಅವನ ಕೈಗೇ ಕೊಟ್ಟಳು. ಒಳಗೇನಿದೆ ಎಂದು ಅವಳು ನೋಡಿದ್ದಳೋ ಇಲ್ಲವೋ. ಎಕ್ಸರೇ ಸ್ವಚ್ಛವಾಗಿತ್ತು. ಅವನಿಗೆ ಸಮಾಧಾನ ಆಗಬೇಕಿತ್ತು. ಆದರೆ ಬಸ್ಸಿನಲ್ಲಿ ಆ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಅವನಿಗೆ ಅಳು ಬರುವ ಹಾಗಾಯಿತು.

ಖಾನಾವಳಿ ಒಮ್ಮೆಲೇ ಮುಚ್ಚಲಿಲ್ಲ. ಮೊದಲು ಪಂಪ್ ಅಂಗಡಿಯವರು ಬಿಟ್ಟರು, ಆಮೇಲೆ ಬ್ಯಾಂಕಿನವರು, ಆಮೇಲೆ ತಿಂಗಳ ಲೆಕ್ಕದಲ್ಲಿ ಊಟ ಮಾಡುತ್ತಿದ್ದ ಹುಡುಗರು. ಶಿವಗಂಗಮ್ಮ ಮಾಸ್ಕ್ ಹಾಕಿಕೊಂಡು ಒಳಗೇ ಕೂತರು. ರೊಟ್ಟಿ ಬಡಿಯಲು ಬೇರೆಯವಳನ್ನು ಇಟ್ಟರು. ಆದರೂ ಜನ ಬರಲಿಲ್ಲ. ಅಡುಗೆಯ ಇಬ್ಬರು ಹೆಂಗಸರಲ್ಲಿ ಒಬ್ಬಳು ಹೇಳದೆ ಕೇಳದೆ ಬಿಟ್ಟಳು. ಒಂದು ದಿನ ಗಿರಿರಾಜ್ ಆ ರಸ್ತೆಯ ತುದಿಯವರೆಗೆ ಹೋಗಿ ನೋಡಿದಾಗ ಬೋರ್ಡು ಇಳಿದಿತ್ತು. ಗೋಡೆಯ ಮೇಲೆ ಅದು ಇದ್ದ ಜಾಗ ಮಾತ್ರ ಬೇರೆ ಬಣ್ಣದಲ್ಲಿ ಉಳಿದಿತ್ತು. ಅವನು ಅಲ್ಲಿಂದಲೇ ತಿರುಗಿದ.

ಬೋರ್ಡು ಇಳಿದ ಮೇಲೆ ಹತ್ತಿರಹತ್ತಿರ ಒಂದು ತಿಂಗಳಿಗೆ ಡಾಕ್ಟರ್ ಸೌಮ್ಯಶ್ರೀ ಫೋನ್ ಮಾಡಿದರು. ಶಿವಗಂಗಮ್ಮನನ್ನು ನೋಡುತ್ತಿದ್ದ ಶ್ವಾಸಕೋಶದ ವೈದ್ಯೆ ಅವರು.

“ಗಿರಿರಾಜ್ ಅವ್ರೇ, ನಿಮ್ ಸ್ಲೈಡ್ ಸರಿಯಾಗೇ ಇತ್ತು. ಆದ್ರೆ ಅದು ಟಿಬಿ ಅಲ್ಲ.”

“ಕಡ್ಡಿಗಳು ಇದ್ವು ಮೇಡಂ. ಎರಡು ಪ್ಲಸ್.”

“ಇದ್ವು, ಯಾರು ಇಲ್ಲ ಅಂದ್ರು? ಟಿಬಿಗೆ ಅಂತ ಇರೋ ಜೀನ್ ಪರೀಕ್ಷೆ ಮೊದಲ್ನೇ ವಾರಾನೇ ನೆಗೆಟಿವ್ ಬಂತು. ಕಡ್ಡಿ ಇದೆ, ಟಿಬಿ ಇಲ್ಲ. ನನಗೆ ಆಗಲೇ ಅನುಮಾನ. ಕಲ್ಚರ್‌ಗೆ ಕಳಿಸಿದ್ದೆ. ಸೂಕ್ಷ್ಮಾಣು ಬೆಳೆಯೋಕೆ ಇಷ್ಟು ದಿನ ಹಿಡೀತು. ಇವತ್ತು ವರದಿ ಬಂದಿದೆ. ಇದು ಆ ಕುಟುಂಬದ್ದೇ ಇನ್ನೊಂದು ಸೂಕ್ಷ್ಮಾಣು. ನಲ್ಲಿ ನೀರಲ್ಲಿ, ಮಣ್ಣಲ್ಲಿ ಇರುತ್ತೆ. ದಿನಾ ನಾವೂ ನೀವೂ ಉಸಿರಾಡ್ತಾನೇ ಇರ್ತೀವಿ, ಏನೂ ಆಗಲ್ಲ. ಇವರ ಶ್ವಾಸನಾಳ ಮೊದಲೇ ಹಿಗ್ಗಿ ಹಾಳಾಗಿತ್ತು, ಅಲ್ಲಿ ಕೂತುಬಿಟ್ಟಿದೆ. ಒಂದೇ ಸಲ ಸಿಕ್ಕಿದ್ರೆ ಕಾಯಿಲೆ ಅಂತ ಹೇಳೋಕಾಗಲ್ಲ. ಇವರಿಗೆ ಎರಡು ಸಲ ಸಿಕ್ಕಿದೆ, ಸ್ಕ್ಯಾನ್‌ನಲ್ಲೂ ಕಾಣ್ತಿದೆ. ಖಾತ್ರಿ ಆಗೋವರೆಗೆ ಅಂತ ಕೊಟ್ಟಿದ್ದ ಟಿಬಿ ಮಾತ್ರೆ ನಿಲ್ಲಿಸಿ ಬೇರೆ ಔಷಧಿ ಶುರು ಮಾಡ್ತಿದೀನಿ. ಒಂದು ವರ್ಷದ ಮೇಲೇ ಬೇಕಾಗುತ್ತೆ.”

“ಬೇರೆಯವರಿಗೆ ಹರಡುತ್ತಾ ಮೇಡಂ?”

“ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡಲ್ಲ.”

“ಇಂಥದ್ದು ಎಷ್ಟು ಜನಕ್ಕೆ ಇರುತ್ತೆ?”

“ಅದನ್ನ ನೀವ್ ನನಗೆ ಹೇಳ್ಬೇಕು” ಎಂದರು ಸೌಮ್ಯಶ್ರೀ, ಬೇಸರವಿಲ್ಲದೆ. “ಟಿಬಿ ಆದ್ರೆ ಸರ್ಕಾರಕ್ಕೆ ತಿಳಿಸಲೇಬೇಕು, ಎಣಿಕೆ ಇರುತ್ತೆ. ಇದನ್ನ ತಿಳಿಸೋ ಕಡ್ಡಾಯ ಇಲ್ಲ. ಕಲ್ಚರ್ ಮಾಡಿದವರಿಗೆ ಮಾತ್ರ ಸಿಗುತ್ತೆ. ಒಂದೊಂದು ಊರಿನ ಒಂದೊಂದು ಆಸ್ಪತ್ರೆ ಒಂದೊಂದು ಸಂಖ್ಯೆ ಹೇಳುತ್ತೆ. ಹುಡುಕಿದ ಕಡೆ ಇದೆ, ಹುಡುಕದ ಕಡೆ ಇಲ್ಲ. ನಿಮ್ಮ ಲ್ಯಾಬಲ್ಲಿ ಈವರೆಗೆ ಎಷ್ಟು ಕಳ್ಸಿದೀರಿ?”

ಒಂದೂ ಇಲ್ಲ ಎಂದು ಅವನು ಹೇಳಬೇಕಾಯಿತು.

ಅಂದು ಸಂಜೆಯೇ ಅವನು ಭೈರೇಶನ ಅಂಗಡಿಗೆ ಹೋದ. ವರದಿಯ ವಿಷಯ ಹೊರಗೆ ಆಡಬಾರದೆಂಬ ತನ್ನ ನಿಯಮವನ್ನು ಮುರಿಯುತ್ತಿರುವುದು ತಿಳಿದೇ, “ಖಾನಾವಳಿ ಅಮ್ಮನಿಗೆ ಟಿಬಿ ಅಲ್ಲ ಕಣ್ರೀ” ಎಂದ.

“ಹೌದಾ? ಒಳ್ಳೇದಾಯ್ತು ಬಿಡಿ ಸಾರ್” ಎಂದ ಭೈರೇಶ್. ಸ್ವಲ್ಪ ಹೊತ್ತು ಪಂಪಿನ ನಟ್ಟು ತಿರುಗಿಸುತ್ತಿದ್ದು, “ಆದ್ರೂ ಕೆಮ್ತಾರಲ್ವಾ?” ಎಂದ.

“ಅದು ಹರಡಲ್ಲ.”

“ನೀವೇ ಕಲ್ಲಿನ ಮೇಲೆ ಇಟ್ರಿ, ನೀವೇ ಈಗ ಹಿಂಗಂತೀರ. ಯಾವ್ದನ್ನ ನಂಬೋದು ಗುರುಗಳೇ?” ಎಂದು ಅವನು ನಕ್ಕ.

ಮಾರನೆಯ ದಿನದಿಂದ ಗಿರಿರಾಜ್ ಎಲ್ಲ ವರದಿಗಳನ್ನೂ ಒಂದೇ ಥರದ ಕವರಿನಲ್ಲಿ ಹಾಕಿ ಕೈಗೇ ಕೊಟ್ಟ. ಮಾಲೀಕರ ಬೆನ್ನುಬಿದ್ದು, ಪಾಸಿಟಿವ್ ಬಂದ ಪ್ರತಿ ಕಫವನ್ನೂ ದೊಡ್ಡ ಲ್ಯಾಬಿಗೆ ಕಲ್ಚರ್‌ಗೆ ಕಳಿಸುವ ಏರ್ಪಾಡು ಮಾಡಿದ. ಒಂದು ವರ್ಷದಲ್ಲಿ ಎಪ್ಪತ್ತಾರು ಹೋದವು. ಮೂರರಲ್ಲಿ ಟಿಬಿಯಲ್ಲದ ಆ ಇನ್ನೊಂದು ಸೂಕ್ಷ್ಮಾಣು ಬಂತು. ನೂರಕ್ಕೆ ನಾಲ್ಕು. ಅದು ತನ್ನ ಕಿಟಕಿಗೆ ಬಂದವರ ಲೆಕ್ಕ, ಬೆಂಗಳೂರಿನ ಲೆಕ್ಕವಲ್ಲ ಎಂದು ಅವನಿಗೆ ಗೊತ್ತಿತ್ತು. ಕೆಮ್ಮು ಬಂದು, ಡಾಕ್ಟರಿಗೆ ತೋರಿಸಿ, ಚೀಟಿ ಹಿಡಿದು ಬಂದವರು ಮಾತ್ರ ಅದರಲ್ಲಿದ್ದರು. ಸಂಖ್ಯೆ ಚಿಕ್ಕದು, ಅದರ ಮೇಲೆ ಭಾರ ಹಾಕಬಾರದು ಎಂದೂ ಗೊತ್ತಿತ್ತು. ಆದರೂ ಅದೇ ಪ್ರಮಾಣವನ್ನು ಹಿಂದಿನ ವರ್ಷಗಳಿಗೆಲ್ಲ ಹಾಕಿ ನೋಡಿದ. ಸುಮಾರು ಅರವತ್ತು ಜನ ಬಂತು. ಹದಿನೈದೇ ಇರಬಹುದು, ನೂರೈವತ್ತೂ ಇರಬಹುದು. ಶಿವಗಂಗಮ್ಮನ ಹಾಗೆ ಟಿಬಿ ಇಲ್ಲದೆಯೂ ಟಿಬಿಯವರೆನ್ನಿಸಿಕೊಂಡವರು. ರಸ್ತೆಯಲ್ಲಿ ನಡೆಯುವಾಗ ತೆಳ್ಳಗಿನ ಮುದುಕಿಯರು ಕಂಡರೆ ಅವನು ತಲೆ ತಗ್ಗಿಸುತ್ತಿದ್ದ. ಈ ಅರವತ್ತನ್ನು ಶಿವಗಂಗಮ್ಮನಿಗೆ ಹೇಳಬೇಕು, ತಪ್ಪಾಯಿತು ಎನ್ನಬೇಕು, ಅವರು ಕ್ಷಮಿಸಿದರೆ ಆ ಬೋರ್ಡನ್ನು ಮತ್ತೆ ಹಾಕಿಸಲು ಭೈರೇಶನಿಂದ ಹಿಡಿದು ಎಲ್ಲರ ಬಾಗಿಲಿಗೂ ಹೋಗಬೇಕು ಎಂದುಕೊಂಡ. ಅಂದುಕೊಂಡು ಎಷ್ಟೋ ದಿನ ಆ ರಸ್ತೆಯ ತುದಿಯಿಂದಲೇ ವಾಪಸಾದ.

“ಹೋಗೋದಾದ್ರೆ ಹೋಗ್ರಿ, ಇಲ್ಲಾಂದ್ರ ಬಿಡ್ರಿ. ದಿನಾ ಅರ್ಧ ದಾರಿ ಹೋಗಿ ಬಂದು ಇಲ್ಲಿ ಮುಖ ಸಪ್ಪಗೆ ಮಾಡ್ಕೊಂಡು ಕೂಡಬ್ಯಾಡ್ರಿ” ಎಂದು ಜಲಜಾ ಗದರಿದ ಭಾನುವಾರ ಅವನು ಹೋದ.

ಬಾಗಿಲು ತೆರೆದವಳು ಚೈತ್ರ. ಅವನನ್ನು ನೋಡಿ ಅವಳ ಮುಖ ಬಿಗಿಯಿತು.

“ಏನ್ ಸಾರ್, ಒಳಗ್ ಬರ್ತೀರಾ? ಇಲ್ಲಾ ನೀರು ಗೀರು ಹೊರಗಡೆ ಕಟ್ಟೆ ಮೇಲೇ ಇಡ್ಲಾ?”

“ಚೈತ್ರಾ, ಸುಮ್ನಿರು. ಬರ್ಲಿ” ಎಂಬ ದನಿ ಒಳಗಿಂದ ಬಂತು.

ಹಾಲಿನಲ್ಲಿ ಮೇಜುಗಳಿರಲಿಲ್ಲ. ಗೋಡೆಯುದ್ದಕ್ಕೂ ಒಣಗಿದ ಕಟಕ್ ರೊಟ್ಟಿಯ ಪೊಟ್ಟಣಗಳು ಜೋಡಿಸಿದ್ದವು. ಸುಂಕದಕಟ್ಟೆಯ ಅಂಗಡಿಗಳಿಗೆ ಹೋಗುವವು. ಅವುಗಳ ಮೇಲೆ ಚೈತ್ರಳ ಹೆಸರಿತ್ತು, ಬಡಿದವರ ಹೆಸರಿರಲಿಲ್ಲ. ಶಿವಗಂಗಮ್ಮ ಒಲೆಯ ಮುಂದೆ ಕೂತಿದ್ದರು. ಮೈ ಸ್ವಲ್ಪ ತುಂಬಿತ್ತು. ಕೆಮ್ಮು ಕಡಿಮೆಯಾಗಿತ್ತು. ಕೂಡು ಎಂದು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ರೊಟ್ಟಿ ಬಡಿಯುತ್ತಲೇ ಇದ್ದರು. ಗಿರಿರಾಜ್ ನಿಂತುಕೊಂಡೇ, ತಯಾರಿ ಮಾಡಿಕೊಂಡು ಬಂದದ್ದನ್ನು ಹೇಳಿದ. ಕಡ್ಡಿಗಳ ಬಗ್ಗೆ, ನೀರಿನಲ್ಲಿರುವ ಸೂಕ್ಷ್ಮಾಣುವಿನ ಬಗ್ಗೆ, ಎಪ್ಪತ್ತಾರರಲ್ಲಿ ಮೂರು, ಅಂದರೆ ನೂರಕ್ಕೆ ನಾಲ್ಕರ ಬಗ್ಗೆ.

“ಅಂದ್ರ ನಿಮ್ಮಂಥಾವ್ರು ಇನ್ನೂ ಅರವತ್ತು ಮಂದಿ ಇರಬಹುದ್ರೀ ಅಕ್ಕಾರ. ಟಿಬಿ ಇರಲಾರದ, ಸುಮ್ಮ ಸುಮ್ಮನ ಮರ್ಯಾದಿ ಕಳ್ಕೊಂಡಾವ್ರು. ನನ್ನಿಂದ ದೊಡ್ಡ ತಪ್ಪಾತು.”

ಶಿವಗಂಗಮ್ಮ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿದರು. ಮೇಲೆ ನೀರು ಸವರಿದರು.

“ನನಗ ಟಿಬಿನೇ ಇದ್ದಿದ್ರ?” ಎಂದರು.

ಗಿರಿರಾಜನಿಗೆ ತಕ್ಷಣ ಅರ್ಥವಾಗಲಿಲ್ಲ.

“ಟಿಬಿನೇ ಇದ್ದಿದ್ರ, ನೀ ಅವತ್ತ ಮಾಡಿದ್ದು ಸರಿ ಇತ್ತೇನು? ನಾಲ್ಕು ಮಂದಿ ಮುಂದ ನನ್ನ ಕೈ ಬಿಟ್ಟು ಕಲ್ಲಿನ ಮ್ಯಾಲ ಇಟ್ಟೆಲ್ಲ, ಅದು? ಔಷಧ ತಗೊಂಡ್ರ ಟಿಬಿನೂ ಹೋಗ್ತೈತಿ ಅಂತ ಆ ಡಾಕ್ಟರಮ್ಮ ಮೊದಲ ದಿನಾನ ಹೇಳಿದ್ಲು. ಆ ಉಳಿದಾವ್ರು ಖರೇನ ಟಿಬಿ ಇದ್ದಾವ್ರು, ಅವ್ರೇನು ಮರ್ಯಾದಿ ಕಳ್ಕೊಳ್ಳಾಕಂತನ ಬಂದಿದ್ರೇನು ನಿನ್ನ ಕಿಟಕಿಗೆ?”

ಒಂದು ವರ್ಷದಿಂದ ಹೊತ್ತು ತಿರುಗಿದ ಆ ಅರವತ್ತು, ತನಗೆ ತಾನೇ ಕೊಟ್ಟುಕೊಂಡ ರಿಯಾಯಿತಿ ಎಂಬುದು ಅಲ್ಲಿ ನಿಂತಲ್ಲೇ ಅವನಿಗೆ ತಿಳಿಯಿತು. ಸ್ಲೈಡು ಹೇಳಲಾರದ್ದನ್ನು ಹೇಳಿತೆಂದು ನಂಬಿದ್ದಕ್ಕೆ ಅವನು ನಾಚಿದ್ದ. ಅದು ಜ್ಞಾನದ ತಪ್ಪು, ತಿದ್ದಿಕೊಳ್ಳಲು ಒಂದು ಪರೀಕ್ಷೆ ಸಾಕಿತ್ತು. ಚಾಚಿದ ಕೈಗೆ ಕೊಡದೆ ಹೋದದ್ದಕ್ಕೆ ಯಾವ ಕಲ್ಚರ್ ವರದಿಯೂ ಬೇಕಿರಲಿಲ್ಲ.

ಚೈತ್ರ ಬಾಗಿಲ ಬಳಿಯೇ ನಿಂತಿದ್ದಳು.

“ಲೆಕ್ಕದಾಗ ನೀ ಗಟ್ಟಿ ಅದಿ ತಮ್ಮಾ” ಎಂದರು ಶಿವಗಂಗಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ನಗುವೂ ಇರಲಿಲ್ಲ. “ಅರವತ್ತು ಯಾತರಾಗಿಂದು ತಗದಿ? ನೂರಕ್ಕ ನಾಲ್ಕು ಆದ್ರ, ನೀ ಕಲ್ಲಿನ ಮ್ಯಾಲ ಇಟ್ಟಾವ್ರು ಪೂರಾ ಎಷ್ಟು ಮಂದಿ? ಅದನ್ನ ಹೇಳು. ಬಾಯಿ ಬಿಟ್ಟು ಹೇಳು, ಮಗಳೂ ಕೇಳ್ಲಿ.”

ಆ ಸಂಖ್ಯೆ ಅವನಿಗೆ ಗೊತ್ತಿತ್ತು. ಕಂಪ್ಯೂಟರಿನಿಂದ ವರ್ಷವರ್ಷದ್ದು ತೆಗೆದು ತಾನೇ ಕೂಡಿದ್ದ. ಬರೀ ಗುಣಾಕಾರಕ್ಕೆ ಬೇಕಾದ ಅಂಕಿಯೆಂದು ನೋಡಿ ಬಿಟ್ಟಿದ್ದ. ಈಗ ಶಿವಗಂಗಮ್ಮನ ಮುಖವನ್ನೇ ನೋಡುತ್ತ ಅವನು ಅದನ್ನು ಹೇಳಿದ. ಮುಂದೆ ಎಂದೂ ಯಾರ ಎದುರೂ ಅದನ್ನು ಹೇಳಲಿಲ್ಲ, ಜಲಜಾಳಿಗೂ ಹೇಳಲಿಲ್ಲ. ಅಂದು ಒಂದೇ ಸಲ, ಗಟ್ಟಿಯಾಗಿ, ತಾಯಿಗೂ ಮಗಳಿಗೂ ಕೇಳುವಂತೆ ಹೇಳಿದ.

“ಸಾವಿರದ ನಾನೂರ ಅರವತ್ತೆರಡು.”